ಹಳದಿಯವರ ಟೈರಿನ ಚೂರು

ಓಡಿ ಸವೆದ ಟೈರುಗಳನ್ನು ಕೊಯ್ದು ನೋಡುವುದು ಅವಳ ಕೆಲಸ. ಕಾರು ಟ್ರ್ಯಾಕಿನಿಂದ ಬಂದ ಕೂಡಲೇ ಬಿಚ್ಚಿದ ಟೈರು, ಇನ್ನೂ ಕೈ ಇಡಲಾಗದಷ್ಟು ಬಿಸಿಯಿರುವಾಗಲೇ, ಅವಳ ಮೇಜಿಗೆ ಬರುತ್ತಿತ್ತು. ಮೈಗೆ ಮೆತ್ತಿದ ಕಸ, ಕಲ್ಲಿನ ಪುಡಿಯನ್ನೆಲ್ಲ ಹೆರೆದು ತೆಗೆದು, ಎಲ್ಲೆಲ್ಲಿ ಎಷ್ಟು ಸವೆದಿದೆ ಎಂದು ಅಳೆದು, ಅನುಮಾನ ಬಂದದ್ದನ್ನು ಉದ್ದನೆಯ ಚಾಕುವಿನಿಂದ ಹೋಳು ಮಾಡಿ, ಒಳಗಿನ ನೂಲಿನ ಪದರಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಸತ್ತ ಟೈರುಗಳ ಮರಣೋತ್ತರ ಪರೀಕ್ಷೆ ಮಾಡುವವಳೆಂದು ಯಾರೋ ತಮಾಷೆಗೆ ಕರೆದ 'ಡಾಕ್ಟರಮ್ಮ' ಎಂಬ ಹೆಸರೇ ಕೊನೆಗೆ ನಿಂತುಬಿಟ್ಟಿತ್ತು.

ಆ ದೊಡ್ಡ ರೇಸಿನ ಸರಣಿಗೆ ಆಗ ಎರಡು ಕಂಪನಿಗಳು ಟೈರು ಕೊಡುತ್ತಿದ್ದವು. ಕೆಲಸಗಾರರು ಹಾಕಿಕೊಳ್ಳುವ ಟೋಪಿಯ ಬಣ್ಣದಿಂದ ಒಬ್ಬರು ನೀಲಿಯವರು, ಇನ್ನೊಬ್ಬರು ಹಳದಿಯವರು. ಡಾಕ್ಟರಮ್ಮ ನೀಲಿಯವಳು. ಓಡುವ ಇಪ್ಪತ್ತು ಕಾರುಗಳಲ್ಲಿ ಹನ್ನೆರಡಕ್ಕೆ ನೀಲಿಯವರ ಟೈರು, ಎಂಟಕ್ಕೆ ಹಳದಿಯವರದು. ಕಾರು ಗೆದ್ದರೆ ಹೆಸರು ಚಾಲಕನಿಗೆ, ಸೋತರೆ ಬೈಗುಳ ಟೈರಿಗೆ ಎಂಬುದು ಎರಡೂ ಕಡೆಯವರು ಒಪ್ಪುತ್ತಿದ್ದ ಒಂದೇ ಮಾತು. ಉಳಿದಂತೆ ಅವರ ನಡುವೆ ಹಾವು ಮುಂಗುಸಿಯ ಸಂಬಂಧ. ಒಬ್ಬರ ಡೇರೆಯ ಕಡೆ ಇನ್ನೊಬ್ಬರು ತಿರುಗಿಯೂ ನೋಡುತ್ತಿರಲಿಲ್ಲ. ಅಂದರೆ, ಯಾರಾದರೂ ನೋಡುತ್ತಿರುವಾಗ ನೋಡುತ್ತಿರಲಿಲ್ಲ.

ಆ ವರ್ಷ ಹಟ ಇನ್ನೂ ಏರಿತ್ತು. ಮುಂದಿನ ವರ್ಷದಿಂದ ಎಲ್ಲ ಕಾರುಗಳಿಗೂ ಒಂದೇ ಕಂಪನಿಯ ಟೈರು ಸಾಕು ಎಂದು ಸಂಘಟಕರು ಹೇಳಿಬಿಟ್ಟಿದ್ದರು. ಯಾರನ್ನು ಉಳಿಸಿಕೊಳ್ಳಬೇಕು ಎಂಬುದು ಇನ್ನೆರಡು ರೇಸುಗಳಲ್ಲಿ ತೀರ್ಮಾನವಾಗುವುದರಲ್ಲಿತ್ತು. ಸೋತವರ ಕಾರ್ಖಾನೆಯಲ್ಲಿ ರೇಸ್ ವಿಭಾಗದ ಬಾಗಿಲು ಮುಚ್ಚುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಡಾಕ್ಟರಮ್ಮನಿಗೆ ಇದರಲ್ಲಿ ಇನ್ನೊಂದು ಸಂಕಟವಿತ್ತು. ಅವಳ ಒಡಹುಟ್ಟಿದ ತಮ್ಮ ಹಳದಿಯವರಲ್ಲಿದ್ದ. ಅವಳಿಗಿಂತ ಏಳು ವರ್ಷ ಚಿಕ್ಕವನು. ನೀಲಿಯವರ ಕೊಯ್ಯುವ ಕೋಣೆಗೆ ಅವನನ್ನು ಸೇರಿಸಿ, ಚಾಕು ಹಿಡಿಯುವುದನ್ನು, ನೂಲಿನ ಎಳೆ ಓದುವುದನ್ನು ಕಲಿಸಿದವಳೇ ಅವಳು. ಮೂರು ವರ್ಷದ ಹಿಂದೆ ಅವನು ಒಂದು ಮಾತೂ ಹೇಳದೆ ಹಳದಿಯವರ ಕಡೆ ಹೋದ. ಅಲ್ಲಿ ದೊಡ್ಡ ಹುದ್ದೆ ಸಿಕ್ಕಿತ್ತು. ಇಲ್ಲಿ ಅಕ್ಕನನ್ನು ಕರೆದು ನಿಲ್ಲಿಸಿ, ಮನೆಯಿಂದ ಏನೇನು ಗುಟ್ಟು ಹೋಗಿದೆ ಎಂದು ವಿಚಾರಿಸಿದರು. ಅವಮಾನದಿಂದ ಕುದಿದು ಅವಳು ಅವನಿಗೆ ಫೋನಿನಲ್ಲಿ ಆಡಬಾರದ ಮಾತುಗಳನ್ನು ಆಡಿದಳು. ಅವನೂ ಆಡಿದ. ಅಲ್ಲಿಂದ ಮುಂದೆ ಇಬ್ಬರೂ ತಿಂಗಳಿಗೆರಡು ಸಲ ಒಂದೇ ಅಂಗಳದಲ್ಲಿ, ಐವತ್ತು ಹೆಜ್ಜೆ ದೂರದ ಡೇರೆಗಳಲ್ಲಿ ಕೆಲಸ ಮಾಡುತ್ತಿದ್ದರೂ ಮಾತಿರಲಿಲ್ಲ. ಅಮ್ಮ ಮಾತ್ರ ಇಬ್ಬರಿಗೂ ಫೋನ್ ಮಾಡಿ, ಒಬ್ಬರ ಸುದ್ದಿಯನ್ನು ಇನ್ನೊಬ್ಬರ ಕಿವಿಗೆ ಬೀಳುವಂತೆ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದಳು.

ಶುಕ್ರವಾರ ಮಧ್ಯಾಹ್ನದ ಅಭ್ಯಾಸದ ಓಟದಲ್ಲಿ ಹಳದಿಯವರ ಮುಂಚೂಣಿ ಕಾರಿನ ಟೈರು ಒಡೆಯಿತು. ಆ ಟ್ರ್ಯಾಕಿನ ಕೊನೆಯ ತಿರುವು ಉದ್ದವಾದದ್ದು, ಬಟ್ಟಲಿನ ಅಂಚಿನಂತೆ ಒಂದು ಪಕ್ಕಕ್ಕೆ ವಾಲಿದ್ದು. ಎಡಕ್ಕೆ ತಿರುಗುತ್ತ ಹೋಗುವಾಗ ಕಾರಿನ ಭಾರವೆಲ್ಲ ಬಲಗಡೆಯ ಹಿಂದಿನ ಟೈರಿನ ಮೇಲೆ ಬೀಳುತ್ತದೆ. ಒಡೆದದ್ದು ಅದೇ. ಕಾರು ಬುಗುರಿಯಂತೆ ಮೂರು ಸುತ್ತು ತಿರುಗಿ, ಜಲ್ಲಿಯಲ್ಲಿ ಉಜ್ಜಿಕೊಂಡು ಹೋಗಿ ತಡೆಗೋಡೆಗೆ ಬಡಿಯಿತು. ನೀಲಿಯವರ ಡೇರೆಯಲ್ಲಿ ಟಿವಿಯ ಮುಂದೆ ನಿಂತವರೆಲ್ಲ ಉಸಿರು ಬಿಗಿಹಿಡಿದು ನೋಡಿದರು. ಚಾಲಕ ತಾನಾಗಿಯೇ ಹೊರಗೆ ಬಂದು, ಕುಂಟುತ್ತ ಕೈ ಬೀಸಿದ. ಡಾಕ್ಟರಮ್ಮ ಅಬ್ಬ ಎಂದು ಕುರ್ಚಿಯಲ್ಲಿ ಕುಳಿತಳು. ಅವನು ಯಾರ ಟೈರಿನ ಮೇಲೆ ಓಡುತ್ತಿದ್ದ ಎಂಬುದು ಆ ಕ್ಷಣ ಅವಳಿಗೆ ನೆನಪಾಗಲಿಲ್ಲ. ಪಕ್ಕದಲ್ಲಿದ್ದವರಿಗೆ ನೆನಪಾಯಿತು. ಯಾರೂ ನಗಲಿಲ್ಲ, ಆದರೆ ನಗು ತಡೆದುಕೊಂಡ ಮುಖಗಳು ಎರಡು ಮೂರು ಕಂಡವು.

ಒಂದು ಗಂಟೆಯಲ್ಲಿ ಹಳದಿಯವರ ಹೇಳಿಕೆ ಬಂತು. ತಿರುವಿನ ಬಳಿ ಹೆಬ್ಬೆರಳಿನಷ್ಟು ದೊಡ್ಡ ಲೋಹದ ಚೂರೊಂದು ಸಿಕ್ಕಿದೆ, ಯಾವುದೋ ಕಾರಿನಿಂದ ಕಳಚಿ ಬಿದ್ದದ್ದು, ಅದು ಟೈರನ್ನು ಸೀಳಿದೆ, ಟೈರಿನಲ್ಲಿ ದೋಷವಿಲ್ಲ ಎಂದು ಅದರಲ್ಲಿತ್ತು. ಟೈರೆಂಬುದು ಉಳಿದೇ ಇರಲಿಲ್ಲ. ಚಕ್ರಕ್ಕೆ ಸುತ್ತಿಕೊಂಡು ಜಲ್ಲಿಯಲ್ಲಿ ಉಜ್ಜಿ ಸುಟ್ಟು ಕರಿಮುದ್ದೆಯಾಗಿತ್ತು.

ಸಂಜೆ ಐದರ ಹೊತ್ತಿಗೆ ನೀಲಿಯವರ ಟೈರು ಹಾಕುವ ತಂಡವೊಂದರ ಹಿರಿಯ ಮೆಕ್ಯಾನಿಕ್ ಡಾಕ್ಟರಮ್ಮನ ಮೇಜಿಗೆ ಒಂದು ಬಟ್ಟೆಯ ಗಂಟು ತಂದಿಟ್ಟ. ಟೈರು ಒಡೆದ ಕಾರಿನ ಹಿಂದೆಯೇ ಅವರ ಕಾರು ಬರುತ್ತಿತ್ತಂತೆ. ರೇಡಿಯೇಟರಿಗೆ ಗಾಳಿ ಹೋಗುವ ಬಾಯಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಿಚ್ಚಿ ನೋಡಿದರೆ ಇದು. ಅಂಗೈಯಗಲದ ಟೈರಿನ ಚೂರು, ಹಳದಿಯವರದು. ಸುಟ್ಟಿರಲಿಲ್ಲ, ಉಜ್ಜಿರಲಿಲ್ಲ, ಒಡೆದ ಮೊದಲ ಕ್ಷಣದಲ್ಲೇ ಹಾರಿ ಬಂದು ಕುಳಿತಿತ್ತು.

ಎದುರಾಳಿಯ ಟೈರಿನ ಚೂರು ಸಿಕ್ಕರೆ ಪರೀಕ್ಷೆ ಮಾಡದೆ ಹಿಂದಿರುಗಿಸಬೇಕೆಂದು ನಿಯಮವಿತ್ತು. ಎರಡೂ ಕಡೆಯವರು ಆ ನಿಯಮವನ್ನು ಬಾಯಲ್ಲಿ ಹೇಳುತ್ತ, ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ರಬ್ಬರಿಗೆ ಏನೇನು ಬೆರೆಸುತ್ತಾರೆ ಎಂಬುದೇ ಈ ವ್ಯಾಪಾರದ ಪ್ರಾಣ. ಹಳದಿಯವರ ಮಿಶ್ರಣದ ಗುಟ್ಟು ಹೀಗೆ ತಾನಾಗಿ ನಡೆದು ಬಂದು ಮೇಜಿನ ಮೇಲೆ ಕುಳಿತಿರಲಿಲ್ಲ ಯಾವತ್ತೂ.

ಆದರೆ ಅವಳ ಕಣ್ಣು ರಬ್ಬರಿನ ಮೇಲೆ ನಿಲ್ಲಲಿಲ್ಲ. ಚೂರಿನ ಅಂಚಿನಲ್ಲಿ ಒಳಗಿನ ನೂಲುಗಳು ಹೊರಬಂದಿದ್ದವು. ನುಣುಪಾಗಿ, ಒಗೆದು ಒಣಗಿಸಿದ ದಾರದ ಹಾಗೆ ಬರಿಮೈಯಲ್ಲಿದ್ದವು. ಅವಳು ಇಕ್ಕಳದಿಂದ ಒಂದು ನೂಲು ಹಿಡಿದು ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಸರಿಯಾದ ಟೈರಿನಲ್ಲಿ ನೂಲನ್ನು ಹೀಗೆ ಎಳೆದರೆ ರಬ್ಬರ್ ಕಿತ್ತುಕೊಂಡು ಜೊತೆಗೇ ಬರುತ್ತದೆ. ಎಳೆಯುವವರ ತೋಳು ಸೋತುಹೋಗುತ್ತದೆ. ನೂಲನ್ನು ಅಂಟುದ್ರವದಲ್ಲಿ ಅದ್ದಿ, ಒಲೆಯಲ್ಲಿ ಹದವಾಗಿ ಬೇಯಿಸಿದರೆ ಮಾತ್ರ ರಬ್ಬರ್ ಅದನ್ನು ಕಚ್ಚಿ ಹಿಡಿಯುತ್ತದೆ. ಇಲ್ಲಿ ಕಚ್ಚಿರಲಿಲ್ಲ. ಒದ್ದೆ ಗೋಡೆಗೆ ಮೆತ್ತಿದ ಗಾರೆಯ ಹಾಗೆ ಮೇಲೆ ಮೇಲೆ ನಿಂತಿತ್ತು, ಅಷ್ಟೇ.

ಅವಳು ಇನ್ನೆರಡು ನೂಲು ಎಳೆದಳು. ಆಮೇಲೆ ಇಕ್ಕಳ ಕೆಳಗಿಟ್ಟು ತಮ್ಮ ಹೇಳಿರಬಹುದಾದದ್ದನ್ನು ಯೋಚಿಸಿದಳು. ಲೋಹದ ಚೂರು ಎಂದು ಅವನು ನಂಬಿರುತ್ತಾನೆಯೇ. ಸುಟ್ಟ ಮುದ್ದೆಯಲ್ಲಿ ಅವನಿಗೆ ಏನೂ ಕಂಡಿರಲಾರದು.

ನೀಲಿಯವರ ಮುಖ್ಯಸ್ಥರನ್ನು ಎಲ್ಲರೂ ಗಡಿಯಾರದ ಸಾಹೇಬರು ಎನ್ನುತ್ತಿದ್ದರು. ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಕಂಪ್ಯೂಟರ್ ಲೆಕ್ಕ ಹಾಕುವ ಕಾಲದಲ್ಲಿ ಅವರು ಕೊರಳಿಗೆ ಎರಡು ಸ್ಟಾಪ್‌ವಾಚ್ ನೇತುಹಾಕಿಕೊಂಡೇ ತಿರುಗುತ್ತಿದ್ದರು. ಸುದ್ದಿ ಕಿವಿಗೆ ಬಿದ್ದು ಅವರೇ ಮೇಜಿನ ಬಳಿ ಬಂದರು. ಚೂರನ್ನು ಕಂಡು ಅವರ ಮುಖ ಅರಳಿತು. ಇವತ್ತೇ ಪ್ರಯೋಗಾಲಯಕ್ಕೆ ಹೋಗಲಿ, ಮಿಶ್ರಣ ಏನೆಂದು ತಿಳಿಯಲಿ ಎಂದರು.

"ಸರ್, ರಬ್ಬರ್ ಆಮೇಲೆ ನೋಡೋಣ. ಮೊದ್ಲು ನೂಲು ನೋಡಿ. ಲೋಹದ ಚೂರು ಸೀಳಿದ್ರೆ ನೂಲು ತುಂಡಾಗ್ತಿತ್ತು, ರಬ್ಬರ್ ಅದನ್ನ ಹಿಡ್ಕೊಂಡೇ ಇರ್ತಿತ್ತು. ಇಲ್ಲಿ ಅಂಟೇ ಕಚ್ಚಿಲ್ಲ. ಈ ನೂಲಿಂದ ಮಾಡಿದ್ದೆಲ್ಲ ಹೀಗೇ ಇರುತ್ತೆ. ನಾಳೆನೋ ನಾಡಿದ್ದೋ ಇನ್ನೊಂದು ಒಡೆಯುತ್ತೆ."

ಅದು ಅವರ ತಲೆನೋವು ಎಂದರು ಸಾಹೇಬರು. ಅವರಲ್ಲೂ ಕಣ್ಣಿದ್ದವರಿದ್ದಾರೆ, ಹುಡುಕಿಕೊಳ್ಳುತ್ತಾರೆ. ಅಲ್ಲದೆ ಈ ಚೂರು ನಮ್ಮ ಬಳಿ ಇದೆ ಎಂದು ಬಾಯಿ ಬಿಟ್ಟರೆ ನಿಯಮ ಮುರಿದವರು ನಾವಾಗುತ್ತೇವೆ.

"ಅವರ ಕೈಲಿರೋದು ಸುಟ್ಟಿದ್ದು ಸರ್. ಹಸಿ ಚೂರು ಇರೋದು ನಮ್ಮ ಹತ್ರ ಮಾತ್ರ."

ಸಾಹೇಬರು ಚೂರಿನ ಕಡೆ ಇನ್ನೊಮ್ಮೆ ನೋಡಿದರು, ಮುಟ್ಟಲಿಲ್ಲ. ಬೆಳಿಗ್ಗೆ ಮಾತಾಡೋಣ ಎಂದು ಹೊರಟುಹೋದರು. ಚೂರನ್ನು ಅವಳು ಪ್ರಯೋಗಾಲಯಕ್ಕೆ ಕಳಿಸಲಿಲ್ಲ. ಮತ್ತೆ ಬಟ್ಟೆಯಲ್ಲಿ ಸುತ್ತಿ ತನ್ನ ಚೀಲದಲ್ಲಿಟ್ಟುಕೊಂಡಳು.

ಹೋಟೆಲಿನ ಮೆಟ್ಟಿಲ ಮೇಲೆ ಕುಳಿತು ಅವಳು ಗಂಡನಿಗೆ ಫೋನ್ ಮಾಡಿದಳು. ಅವನು ದರ್ಜಿ. ಹೆಚ್ಚು ಮಾತಿನವನಲ್ಲ. ಅಂಗಡಿಯಲ್ಲಿ ಹೊಲಿಗೆ ಯಂತ್ರ ಓಡುತ್ತಿದ್ದ ಸದ್ದು ಅವಳು ಹೇಳುತ್ತ ಹೋದಂತೆ ನಿಂತಿತು. ಹೇಳಿದರೆ ಕೆಲಸ ಹೋಗಬಹುದು, ತಾನೊಬ್ಬಳದಲ್ಲ, ಇಡೀ ವಿಭಾಗದ್ದು. ಗುಟ್ಟು ಬಿಟ್ಟುಕೊಟ್ಟಳು ಎಂದು ಮೂರು ವರ್ಷದ ಹಿಂದೆ ಸುಳ್ಳಾಗಿ ಹೊರಿಸಿದ್ದು ಈಗ ನಿಜವಾಗುತ್ತದೆ. ಹೋಗಿ ಹೇಳಬೇಕಾದದ್ದೂ ಆ ತಮ್ಮನಿಗೇ. ಎಲ್ಲವನ್ನೂ ಕೇಳಿ ಗಂಡ ಒಂದೇ ಮಾತು ಹೇಳಿದ.

"ನೀನು ನನ್ನ ಕೇಳ್ತಾ ಇಲ್ಲ. ಹೋಗ್ತೀನಿ ಅಂತ ಹೇಳ್ತಾ ಇದೀಯ."

ಹೌದಲ್ಲ ಎಂದು ಅವಳಿಗೆ ಆಗ ತಿಳಿಯಿತು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಇನ್ನೊಂದು ಅಭ್ಯಾಸದ ಓಟವಿತ್ತು. ಮಧ್ಯಾಹ್ನ, ಭಾನುವಾರದ ರೇಸಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಅರ್ಹತಾ ಓಟ. ಎಂಟಕ್ಕೇ ಅವಳು ಸಂಘಟಕರ ಕೋಣೆಯ ಮುಂದೆ ಹೋಗಿ ನಿಂತಳು. ಸಾಹೇಬರು ಸಂಘಟಕರ ಜೊತೆ ಮುಂದಿನ ವರ್ಷದ ಗುತ್ತಿಗೆಯ ಮಾತಿಗೆ ಕುಳಿತಿದ್ದರು, ಒಳಗೆ ಬಿಡುವಂತಿರಲಿಲ್ಲ. ಎಂಟೂವರೆಯಾಯಿತು. ಒಂಬತ್ತಾಯಿತು. ಹಳದಿಯವರ ಡೇರೆಯಲ್ಲಿ ಹೊಸ ಟೈರುಗಳನ್ನು ಚಕ್ರಗಳಿಗೆ ಏರಿಸುವ ಯಂತ್ರದ ಟಸ್ ಟಸ್ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು. ಅವಳು ಒಂದು ಚೀಟಿ ಬರೆದು, ಡೇರೆಗೆ ಬಂದು ಸಾಹೇಬರ ಮೇಜಿನ ಮೇಲೆ, ಸ್ಟೇಪ್ಲರ್ ಅಡಿಯಲ್ಲಿ ಇಟ್ಟಳು: 'ಚೂರನ್ನು ಅದರ ವಾರಸುದಾರರಿಗೆ ಹಿಂದಿರುಗಿಸಲು ಹೋಗಿದ್ದೇನೆ. ನಿಯಮದಲ್ಲಿ ಹಾಗೇ ಇದೆ.'

ಐವತ್ತು ಹೆಜ್ಜೆ. ನೀಲಿ ಟೋಪಿಯೊಂದು ಹಗಲು ಬೆಳಕಿನಲ್ಲಿ ಹಳದಿಯವರ ಡೇರೆಯ ಕಡೆ ನಡೆದು ಬರುತ್ತಿರುವುದನ್ನು ಕಂಡು ಬಾಗಿಲ ಬಳಿಯ ಕಾವಲುಗಾರ ಏನು ಮಾಡಬೇಕೆಂದು ತಿಳಿಯದೆ ಟೋಪಿಯನ್ನೇ ನೋಡಿದ. ಅವಳು ತಮ್ಮನ ಹುದ್ದೆ ಹೇಳಿ ಕರೆಯಲು ಕೇಳಿಕೊಂಡಳು. ಅವನು ಬಂದ. ತೆಳ್ಳಗಾಗಿದ್ದ. ಕಿವಿಯ ಮೇಲೆ ನರೆ ಬಂದಿತ್ತು. ಅಮ್ಮ ಅದನ್ನು ಹೇಳಿರಲಿಲ್ಲ.

"ಏನು ಬೇಕಿತ್ತು ಮೇಡಂ?" ಎಂದ, ಹಿಂದೆ ನಿಂತಿದ್ದ ತನ್ನವರಿಗೆ ಕೇಳುವಂತೆ.

ಅವಳು ಗಂಟು ಬಿಚ್ಚಿ ಚೂರನ್ನು ಅವನ ಅಂಗೈ ಮೇಲಿಟ್ಟಳು. ನಿನ್ನೆ ಒಡೆದದ್ದು, ನಮ್ಮ ಕಾರಿನ ಬಾಯಿಗೆ ಸಿಕ್ಕಿತ್ತು, ನಿಮ್ಮದು ನಿಮಗೆ ಎಂದಳು. ನೂಲಿನ ಬಗ್ಗೆ ಒಂದಕ್ಷರ ಹೇಳಲಿಲ್ಲ. ಹೇಳಿದರೆ ನಂಬಲಾರ, ನೋಡಿದರೆ ನಂಬುತ್ತಾನೆ. ಅವನ ಕಣ್ಣು ಚೂರಿನ ಅಂಚಿಗೆ ಹೋಯಿತು. ಹೆಬ್ಬೆರಳಿನಿಂದ ಒಂದು ನೂಲನ್ನು ಸವರಿದ. ಸವರಿದ ಕೈ ಅಲ್ಲೇ ನಿಂತಿತು.

ಆ ಹೊತ್ತಿಗೆ ಹಳದಿಯವರ ಮುಖ್ಯಸ್ಥೆ ಬಂದಳು. ಎತ್ತರದ ಹೆಂಗಸು, ನೇರ ಮಾತಿನವಳು. ವಿಷಯ ಕೇಳಿ ತಣ್ಣಗೆ ನಕ್ಕಳು. ಒಳ್ಳೆಯ ಉಪಾಯ ಎಂದಳು. ಹೀಗೆ ಬಂದು ಹೆದರಿಸಿದರೆ ನಾವು ಟೈರು ಒಡೆಯದಿರಲೆಂದು ಗಾಳಿಯ ಒತ್ತಡ ಏರಿಸಿ ಪ್ರತಿ ಸುತ್ತಿಗೂ ಅರ್ಧ ಸೆಕೆಂಡ್ ಕಳೆದುಕೊಳ್ಳುತ್ತೇವೆ, ನೀವು ಗುತ್ತಿಗೆ ಹೊಡೆದುಕೊಳ್ಳುತ್ತೀರಿ. ಈ ಚೂರಿಗೆ ನೀವೇ ಏನು ಮಾಡಿದ್ದೀರೋ ಯಾರಿಗೆ ಗೊತ್ತು.

ಡಾಕ್ಟರಮ್ಮನಿಗೆ ಸಿಟ್ಟು ಬರಲಿಲ್ಲ. ತಾನು ಆ ಜಾಗದಲ್ಲಿದ್ದರೂ ಹಾಗೇ ಹೇಳುತ್ತಿದ್ದೆ ಎನಿಸಿತು. "ನನ್ನ ನಂಬಬೇಡಿ," ಎಂದಳು. "ನಿನ್ನೆ ಓಡಿರೋ ನಿಮ್ಮದೇ ಇನ್ನೊಂದು ಟೈರ್ ಕೊಯ್ದು ನೋಡಿ. ಬಲಗಡೆ ಹಿಂದಿಂದು. ಅಷ್ಟೇ ನಾನು ಹೇಳೋದು."

ಮುಖ್ಯಸ್ಥೆ ಬೇಡವೆಂದು ತಲೆಯಾಡಿಸುವಷ್ಟರಲ್ಲಿ ತಮ್ಮ ಒಳಗೆ ಹೋಗಿದ್ದ. ಅವನು ಟೈರೊಂದನ್ನು ಉರುಳಿಸಿಕೊಂಡು ಬಂದು, ಎಲ್ಲರ ಎದುರಿಗೇ ನೆಲದ ಮೇಲೆ ಕೆಡವಿ, ಮೊಣಕಾಲೂರಿ ಚಾಕು ಇಟ್ಟ. ತಾನು ಕಲಿಸಿದ ಹಿಡಿತವೇ ಇನ್ನೂ ಇದೆ ಎಂದು ಅವಳು ನೋಡಿದಳು: ಚಾಕು ತನ್ನಿಂದ ಆಚೆಗೆ, ಎಡಗೈ ಯಾವತ್ತೂ ಅಲಗಿನ ಹಿಂದೆ. ಒಂದು ಹೋಳು ತೆಗೆದು ಅವನು ಇಕ್ಕಳದಿಂದ ನೂಲು ಎಳೆದ. ಮೊದಲನೆಯದು ರಬ್ಬರನ್ನು ಕಿತ್ತುಕೊಂಡು ಗಟ್ಟಿಯಾಗಿ ಬಂತು. ಮುಖ್ಯಸ್ಥೆಯ ಮುಖ ಸಡಿಲವಾಯಿತು. ಎರಡನೆಯದೂ ಗಟ್ಟಿಯಾಗಿಯೇ ಬಂತು. ತಾನು ತಪ್ಪಿದ್ದರೆ ಎಷ್ಟು ಒಳ್ಳೆಯದು ಎಂದುಕೊಂಡಳು ಡಾಕ್ಟರಮ್ಮ. ಮೂರನೆಯ ನೂಲು ಸುಮ್ಮನೆ ಬಂತು. ನಾಲ್ಕು, ಐದು, ಆರು, ಎಲ್ಲ ಬರಿಮೈಯಲ್ಲಿ ಬಂದವು.

ತಮ್ಮ ಎದ್ದು, ಮುಖ್ಯಸ್ಥೆಯ ಕಡೆ ತಿರುಗದೆ ನೇರವಾಗಿ ಒಳಗೆ ನೋಡಿ, ಟೈರು ಏರಿಸುವ ಯಂತ್ರ ನಿಲ್ಲಿಸುವಂತೆ ಕೈ ಮಾಡಿದ. ಟಸ್ ಟಸ್ ನಿಂತಿತು. ಆಮೇಲೆ ಅಕ್ಕನ ಕಡೆ ತಿರುಗಿದ.

"ನಂಗೆ ನಿನ್ನೆನೇ ಅನುಮಾನ ಇತ್ತು ಅಕ್ಕ. ತೋರ್ಸೋಕೆ ಏನೂ ಇರ್ಲಿಲ್ಲ, ಇನ್ನೊಂದನ್ನ ಕೊಯ್ಯೋಕೂ ಬಿಡ್ಲಿಲ್ಲ."

ಮೂರು ವರ್ಷದ ನಂತರ ಅವನ ಬಾಯಿಂದ ಅಕ್ಕ ಎಂಬ ಮಾತು ಬಂದದ್ದನ್ನು ಇಬ್ಬರೂ ಗಮನಿಸದವರಂತೆ ನಿಂತರು. ಅವಳು ಹೊರಡುತ್ತೇನೆಂದು ಹೇಳಿ ತನ್ನ ಡೇರೆಗೆ ನಡೆದಳು.

ಸಾಹೇಬರು ಚೀಟಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಅವರು ಕೂಗಾಡುವವರಲ್ಲ. ನಿನಗೆ ಹತ್ತೊಂಬತ್ತು ವರ್ಷ ಅನ್ನ ಕೊಟ್ಟದ್ದು ಯಾರು ಎಂದು ಮೆಲ್ಲಗೆ ಕೇಳಿದರು. ಅವಳು ಕಂಪನಿ ಎಂದಳು. ಇನ್ನು ನಿನ್ನ ಮೇಜಿಗೆ ಹೋಗಿ ಕೂರು, ರೇಸ್ ಮುಗಿದ ಮೇಲೆ ಮಾತಾಡುತ್ತೇನೆ ಎಂದರು. ಅವಳು ಹೋಗಿ ಕುಳಿತು, ತನ್ನ ಸಾಮಾನುಗಳನ್ನು ಕಣ್ಣಲ್ಲೇ ಎಣಿಸಿದಳು. ಚಾಕುಗಳು ಕಂಪನಿಯವು. ನೀರಿನ ಬಾಟಲಿ, ಕುಶನ್, ಒಂದು ಹಳೆಯ ಸ್ವೆಟರ್ ಮಾತ್ರ ತನ್ನವು.

ಹನ್ನೊಂದರ ಓಟಕ್ಕೆ ಹಳದಿಯವರ ಎಂಟು ಕಾರುಗಳೂ ಬರಲಿಲ್ಲ. ಅರ್ಧ ಗಂಟೆಯಲ್ಲಿ ಸುದ್ದಿ ಎಲ್ಲೆಡೆ ಹಬ್ಬಿತು. ಹಿಂದಿನ ತಿಂಗಳ ನೂಲಿನಿಂದ ಮಾಡಿದ ಹಳೆಯ ಟೈರುಗಳು ಹಳದಿಯವರ ಗೋದಾಮಿನಲ್ಲಿವೆ, ಲಾರಿಯಲ್ಲಿ ಬರಲು ಐದಾರು ಗಂಟೆ ಬೇಕು. ಅರ್ಹತಾ ಓಟ ತಪ್ಪಿಹೋಗುತ್ತದೆ, ಆದರೆ ರೇಸಿಗೆ ಸಿಗುತ್ತವೆ. ಒಂದೇ ತೊಡಕು. ಶುಕ್ರವಾರ ಕಳೆದ ಮೇಲೆ ಟೈರು ಬದಲಿಸಬೇಕಾದರೆ ಎದುರಾಳಿ ಕಂಪನಿ ಒಪ್ಪಿ ಸಹಿ ಹಾಕಬೇಕು. ಸಹಿ ಹಾಕದಿದ್ದರೆ ಎಂಟು ಕಾರುಗಳೂ ಒಂದೋ ಮನೆಗೆ ಹೋಗಬೇಕು, ಇಲ್ಲವೇ ಅದೇ ಟೈರಿನಲ್ಲಿ ಓಡಬೇಕು. ಭಾನುವಾರ ಹನ್ನೆರಡು ನೀಲಿ ಕಾರುಗಳು ಮಾತ್ರ ಓಡಿದರೆ ಗುತ್ತಿಗೆ ಯಾರ ಪಾಲಾಗುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ.

ಕಾಗದ ಹಿಡಿದು ಹಳದಿಯವರ ಮುಖ್ಯಸ್ಥೆಯೇ ಬಂದಳು. ಅವಳ ಹಿಂದೆ ತಮ್ಮ, ಕೈಯಲ್ಲಿ ಟೈರಿನ ಅರ್ಧ ಹೋಳು. ಇಪ್ಪತ್ತು ವರ್ಷ ಒಬ್ಬರ ಮೇಲೊಬ್ಬರು ಕತ್ತಿ ಮಸೆದುಕೊಂಡೇ ಬಂದ ಆ ಇಬ್ಬರು ಮುಖ್ಯಸ್ಥರು ಡಾಕ್ಟರಮ್ಮನ ಕೊಯ್ಯುವ ಮೇಜಿನ ಎರಡು ಬದಿಗೆ ನಿಂತರು. ಬೇರೆಲ್ಲೂ ಖಾಲಿ ಮೇಜಿರಲಿಲ್ಲ. ಮುಖ್ಯಸ್ಥೆ ಬೇಡಿಕೊಳ್ಳಲಿಲ್ಲ. ಹೋಳನ್ನು ಮೇಜಿನ ಮೇಲಿಟ್ಟು, ಇಕ್ಕಳವನ್ನು ಸಾಹೇಬರ ಕಡೆ ಚಾಚಿದಳು.

"ನೀವೇ ಎಳೆದು ನೋಡಿ. ಆಮೇಲೆ ಸಹಿ ಹಾಕ್ಬೇಕೋ ಬೇಡ್ವೋ ಹೇಳಿ."

ಸಾಹೇಬರು ಬಹಳ ಹೊತ್ತು ಇಕ್ಕಳವನ್ನೇ ನೋಡಿದರು. ಮುಟ್ಟಿದರೆ ಆಮೇಲೆ ಗೊತ್ತಿರಲಿಲ್ಲ ಎನ್ನುವಂತಿಲ್ಲ ಎಂದು ಅವರಿಗೂ ತಿಳಿದಿತ್ತು. ಕೊನೆಗೆ ತೆಗೆದುಕೊಂಡರು. ಅವರು ಮ್ಯಾನೇಜರ್ ಆಗುವ ಮೊದಲು ಕಾರ್ಖಾನೆಯಲ್ಲಿ ಟೈರು ಕಟ್ಟುವ ಯಂತ್ರದ ಮುಂದೆ ಎಂಟು ವರ್ಷ ನಿಂತವರು. ನೂಲನ್ನು ಹಿಡಿದು, ಪೂರ್ತಿ ಬಲ ಹಾಕಲು ಕಾಲು ಅಗಲಿಸಿ ನಿಂತು ಎಳೆದರು. ನೂಲು ಸರಕ್ಕನೆ ಬಂದುಬಿಟ್ಟಿತು. ಹಾಕಿದ ಬಲಕ್ಕೆ ಅವರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಕಪಾಟಿಗೆ ತಾಗಿದರು. ಕೊರಳಿನ ಸ್ಟಾಪ್‌ವಾಚುಗಳು ಒಂದಕ್ಕೊಂದು ಬಡಿದವು. ಯಾರೂ ನಗಲಿಲ್ಲ.

ಅವರು ಕೈಯಲ್ಲಿದ್ದ ನೂಲನ್ನು ಬೆಳಕಿಗೆ ಹಿಡಿದು ನೋಡಿದರು. ಪೆನ್ನು ಕೇಳಿದರು. ಸಹಿ ಹಾಕಿ ಕಾಗದ ಕೊಟ್ಟು, ಎಲ್ಲರೂ ಹೋದ ಮೇಲೆ ಡಾಕ್ಟರಮ್ಮನ ಕಡೆ ನೋಡದೆ ಹೇಳಿದರು.

"ನಾನು ಇದನ್ನ ನಿನ್ನೆನೇ ಎಳೆದು ನೋಡ್ಬೇಕಿತ್ತು."

ಭಾನುವಾರ ಸುಡುಬಿಸಿಲು. ಹಳದಿಯವರ ಎಂಟು ಕಾರುಗಳು ಎಲ್ಲರಿಗಿಂತ ಹಿಂದೆ, ಹಳೆಯ ಟೈರಿನ ಮೇಲೆ ನಿಂತಿದ್ದವು. ಕುಂಟುತ್ತಿದ್ದ ಚಾಲಕನೂ ಅವರಲ್ಲೊಬ್ಬ. ಡಾಕ್ಟರಮ್ಮನಿಗೆ ಡೇರೆಯಲ್ಲಿ ಕೂರಲಾಗಲಿಲ್ಲ. ಕೊನೆಯ ತಿರುವಿನ ಹೊರಗೆ ಕೆಲಸಗಾರರು ನಿಲ್ಲಲು ಒಂದು ಕಬ್ಬಿಣದ ಅಟ್ಟಣೆಯಿತ್ತು; ಅಲ್ಲಿಗೆ ಹೋಗಿ ನಿಂತಳು. ಯಾರು ಮುಂದೆ, ಯಾರು ಹಿಂದೆ ಎಂಬುದು ಅಲ್ಲಿಂದ ತಿಳಿಯುತ್ತಿರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಅವಳು ಹಳದಿ ಗುರುತಿನ ಚಕ್ರಗಳನ್ನು ಎಣಿಸುತ್ತಿದ್ದಳು. ಪ್ರತಿ ಸುತ್ತಿಗೂ ಎಂಟು ಕಾರು ಆ ವಾಲಿದ ತಿರುವಿಗೆ ಬರಬೇಕು, ಎಂಟೂ ಆಚೆ ಹೋಗಬೇಕು. ಹಳೆಯ ಟೈರು ಗಟ್ಟಿ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದೊಂದು ಕಾರು ತಿರುವಿನ ಒಳಗಿರುವಷ್ಟು ಹೊತ್ತು ಕಂಬಿಯನ್ನು ಹಿಡಿದ ಅವಳ ಕೈ ಬಿಗಿಯುತ್ತಿತ್ತು.

ಹತ್ತನೇ ಸುತ್ತಿನ ಹೊತ್ತಿಗೆ ಯಾರೋ ಪಕ್ಕಕ್ಕೆ ಬಂದು ನಿಂತರು. ತಮ್ಮ. ಅವನೂ ಎಣಿಸುತ್ತಿದ್ದ. ಇಬ್ಬರೂ ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡಿದ್ದರಿಂದ ಮಾತಾಡುವ ಪ್ರಶ್ನೆಯೇ ಇರಲಿಲ್ಲ, ಅದು ಒಳ್ಳೆಯದೇ ಆಯಿತು. ಇಪ್ಪತ್ತೇಳನೇ ಸುತ್ತಿನಲ್ಲಿ ಏಳೇ ಕಾರು ಬಂದವು. ಅವಳು ತಮ್ಮನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ರೇಡಿಯೋಗೆ ಏನೋ ಕೇಳಿ, ಅವಳ ಕಡೆ ತಿರುಗಿ, ಟೈರು ಬಿಚ್ಚಿ ಹಾಕುವಂತೆ ಕೈಯಲ್ಲಿ ತೋರಿಸಿದ. ಎಂಟನೆಯದು ಟೈರು ಬದಲಿಸಲು ಒಳಗೆ ಹೋಗಿತ್ತು. ಮುಂದಿನ ಸುತ್ತಿಗೆ ಎಂಟು.

ಐವತ್ತಮೂರನೇ ಸುತ್ತು ಕೊನೆಯದು. ಒಂದು, ಎರಡು, ಮೂರು. ನಾಲ್ಕು ಐದು ಒಟ್ಟಿಗೆ ಬಂದವು. ಆರು. ಏಳು. ಸ್ವಲ್ಪ ತಡವಾಗಿ, ಶುಕ್ರವಾರ ಗೋಡೆಗೆ ಬಡಿದವನ ಕಾರು ಎಂಟನೆಯದಾಗಿ ತಿರುವು ಹಾದು ಹೋಯಿತು. ಡಾಕ್ಟರಮ್ಮ ಕಿವಿಯ ಮುಚ್ಚಳ ತೆಗೆದು ಅಟ್ಟಣೆಯ ಹಲಗೆಯ ಮೇಲೆ ಕಾಲು ಚಾಚಿ ಕುಳಿತುಬಿಟ್ಟಳು. ಬೆನ್ನು, ಕುತ್ತಿಗೆ, ದವಡೆ, ಎಲ್ಲೆಲ್ಲಿ ಬಿಗಿದುಕೊಂಡಿದ್ದೆ ಎಂಬುದು ಬಿಟ್ಟುಕೊಳ್ಳುವಾಗ ಒಂದೊಂದಾಗಿ ಗೊತ್ತಾಯಿತು. ಕಂಬಿಯ ತುಕ್ಕು ಅಂಗೈಯಲ್ಲಿ ಗೀರು ಗೀರಾಗಿ ಅಚ್ಚೊತ್ತಿತ್ತು. ತಮ್ಮ ಪಕ್ಕದಲ್ಲೇ ಕುಳಿತು ನೀರಿನ ಬಾಟಲಿ ಕೊಟ್ಟ. ಯಾರು ಗೆದ್ದರು ಎಂದು ಕೇಳಿದಳು. ನಿಮ್ಮವರೇ ಎಂದ ಅವನು. ಹಳದಿಯವರಿಗೆ ಸಿಕ್ಕಿದ್ದು ಆರನೇ ಸ್ಥಾನ. ಹಿಂದಿನಿಂದ ಹೊರಟು ಆರನೆಯದು ಎಂದರೆ ಸಣ್ಣ ಮಾತಲ್ಲ ಎಂದು ಅವಳು ಸಮಾಧಾನ ಹೇಳಿದಳು. ಆ ಮುರುಕಲು ಹಳೆ ಟೈರಿಗೆ ಎಂದು ಅವನು ಸೇರಿಸಿದ. ಅವಳಿಗೆ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಅವನು ಗಾಬರಿಯಾಗಿ ಬೆನ್ನು ತಟ್ಟುವಷ್ಟಾಯಿತು.

ಆ ಸಂಜೆ ಸಾಹೇಬರು ಹೇಳಿದಂತೆ ಕರೆಸಿದರು. ಅವಳು ಸ್ವೆಟರನ್ನು ಮೊದಲೇ ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಅವರ ಮೇಜಿನ ಮೇಲೆ ಅವಳ ಚೀಟಿ ಇನ್ನೂ ಇತ್ತು. ವಾರಸುದಾರ ಎಂಬಲ್ಲಿ ಕಾಗುಣಿತ ತಪ್ಪಿದೆ ಎಂದರು. ಅವಳು ನೋಡಿದಳು, ತಪ್ಪಿರಲಿಲ್ಲ. ಸಾಹೇಬರಿಗೆ ಬೇರೇನು ಹೇಳಬೇಕೋ ತಿಳಿಯದೆ ಹಾಗೆ ಹೇಳಿದ್ದರು. ನಾಳೆ ಹೊರಡುವ ಮೊದಲು ಗೆದ್ದ ಕಾರಿನ ಟೈರುಗಳನ್ನೂ ಕೊಯ್ದು ಎಳೆದು ನೋಡು, ನಮ್ಮದರಲ್ಲಿ ಏನಿದೆಯೋ ಎಂದು ಸೇರಿಸಿದರು. ಅಷ್ಟೇ. ಕೆಲಸ ಹೋಗಲಿಲ್ಲ ಎಂಬುದು ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ಅವಳ ತಲೆಗೆ ಇಳಿಯಿತು.

ಗುತ್ತಿಗೆಯ ತೀರ್ಮಾನವನ್ನು ಸಂಘಟಕರು ಒಂದು ವರ್ಷ ಮುಂದಕ್ಕೆ ಹಾಕಿದರು. ಕಾರಣ ಹೇಳಲಿಲ್ಲ. ಸದ್ಯಕ್ಕೆ ಎರಡೂ ಕಾರ್ಖಾನೆಗಳಲ್ಲಿ ದೀಪ ಉರಿಯುತ್ತಲೇ ಉಳಿಯಿತು. ಜಗಳವೂ ಉಳಿಯಿತು, ಮುಂದಿನ ರೇಸಿನಲ್ಲೇ ನೀಲಿಯವರು ಹಳದಿಯವರ ಮೇಲೆ ಎರಡು ದೂರು ಕೊಟ್ಟರು, ಹಳದಿಯವರು ಮೂರು.

ಮೂರು ವಾರದ ನಂತರ ರಜೆಯ ದಿನ ಮಧ್ಯಾಹ್ನ ತಮ್ಮ ಅವಳ ಮನೆಗೆ ಬಂದ. ಊಟಕ್ಕೆ ಕುಳಿತಾಗ ಅದು ಇದು ಮಾತಾಡಿ, ಎಲ್ಲ ಮುಗಿದು ಅವಳ ಗಂಡ ತಟ್ಟೆ ಎತ್ತುವಾಗ ವಿಷಯಕ್ಕೆ ಬಂದ. ಕಾರ್ಖಾನೆಯಲ್ಲಿ ಹುಡುಕಿದರಂತೆ. ನೂಲು ಬೇಯಿಸುವ ಒಲೆಯ ತಾಪಮಾಪಕ ಕೆಟ್ಟು, ಇರುವುದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಹದಿನೈದು ದಿನದ ನೂಲು ಅರ್ಧಂಬರ್ಧ ಬೆಂದಿತ್ತು. ಅದರಲ್ಲಿ ರೇಸಿನ ಟೈರಿಗೆ ಹೋದದ್ದು ಚಿಕ್ಕ ಪಾಲು. ಉಳಿದದ್ದು ಪಕ್ಕದ ವಿಭಾಗಕ್ಕೆ ಹೋಗಿತ್ತು. ಅಲ್ಲಿ ಮಾಡುವುದು ಆಂಬುಲೆನ್ಸು, ಶಾಲೆಯ ವ್ಯಾನುಗಳಿಗೆ ಹಾಕುವ ಟೈರು.

ಅವಳು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಎಷ್ಟು?"

"ಒಂಬತ್ತು ಸಾವಿರ. ಗೋದಾಮಲ್ಲಿತ್ತು. ಲೋಡ್ ಮಾಡೋಕೆ ರೇಸ್ ಆದ್ಮೇಲಿನ ಮಂಗಳವಾರ ಅಂತ ಆಗಿತ್ತು."

"ಹೊರಗೆ ಎಷ್ಟು ಹೋಗಿದೆ?"

"ಹೋಗಿಲ್ಲ."

"ಸರಿಯಾಗಿ ಹೇಳೋ. ಅಂಗಡಿಗೆ, ಡಿಪೋಗೆ, ಎಲ್ಲಿಗಾದ್ರೂ?"

"ಒಂದೂ ಹೋಗಿಲ್ಲ ಅಕ್ಕ. ನಾನೇ ನಿಂತು ಎಣಿಸಿದೀನಿ. ಎಲ್ಲ ಚೂರು ಮಾಡಿ ಆಯ್ತು."

ಅಡುಗೆಮನೆಯಲ್ಲಿ ಗಂಡ ನಲ್ಲಿ ತಿರುಗಿಸಿದ ಸದ್ದು ಕೇಳಿತು. ಅವಳು ಎದ್ದು ಕೈ ತೊಳೆದು, ಸ್ವಲ್ಪ ಹೊತ್ತು ಬೆನ್ನು ಚಾಚುತ್ತೇನೆಂದು ಹೇಳಿ ಒಳಕೋಣೆಗೆ ಹೋಗಿ ಮಲಗಿದಳು. ತಿಂಗಳುಗಳಿಂದ ಹಗಲು ನಿದ್ದೆ ಎಂಬುದೇ ಅವಳಿಗೆ ಇರಲಿಲ್ಲ. ಎಚ್ಚರವಾದಾಗ ಬಿಸಿಲು ಗೋಡೆಯಿಂದ ಇಳಿದಿತ್ತು. ಹಜಾರದಲ್ಲಿ ತಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತು, ಅವಳ ಗಂಡ ತೋರಿಸಿದಂತೆ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದ. ಮೇಜಿನ ಮೇಲಿದ್ದ ಫೋನಿನಲ್ಲಿ ಅಮ್ಮನ ದನಿ ಜೋರಾಗಿ ಬರುತ್ತಿತ್ತು. ಇಬ್ಬರೂ ಒಂದೇ ಮನೆಯಲ್ಲಿದ್ದೀರಾ, ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡುವುದು ತಪ್ಪಿತು ಎಂದು ಅವಳು ಹೇಳುತ್ತಿದ್ದಳು.